ಹಿತ್ತಲ ಗಿಡಕ್ಕೆ ದೊರೆ ಕೊಟ್ಟ ಬೆಲೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ನಮ್ಮ ಗಾದೆಗೆ ಯುರೋಪಿನ ಇತಿಹಾಸದಲ್ಲಿ ಒಂದು ದುಬಾರಿ ಉದಾಹರಣೆ ಸಿಗುತ್ತದೆ. ಅದರ ಬೆಲೆ 18,000 ಲಿವ್ರ್. ಕೊಟ್ಟವನು ಫ್ರಾನ್ಸಿನ ದೊರೆ ಹದಿನಾರನೇ ಲೂಯಿ. ವರ್ಷ 1775. ಹಿಂದಿನ ವರ್ಷವಷ್ಟೇ ಪಟ್ಟಕ್ಕೆ ಬಂದಿದ್ದ ಆತನಿಗೆ ಆಗ ಇಪ್ಪತ್ತರ ಆಸುಪಾಸು, ಅಂದರೆ ಬಿ.ಇ. ಐದನೇ ಸೆಮಿಸ್ಟರ್‌ನಲ್ಲಿರುವ ನಮ್ಮಂಥವರ ವಯಸ್ಸು.

ದೊರೆ ಕೊಂಡದ್ದು ಒಂದು ಗುಟ್ಟನ್ನು. ಸ್ವಿಟ್ಜರ್ಲೆಂಡಿನ ಮುರ್ಟೆನ್ ಎಂಬ ಪುಟ್ಟ ಊರಿನಲ್ಲಿ ನೂಫರ್ ಎಂಬ ವಿಧವೆ ಇದ್ದಳು. ಆಕೆಯ ಗಂಡ ಶಸ್ತ್ರವೈದ್ಯನಾಗಿದ್ದವನು. ಅವನು ತೀರಿಕೊಂಡ ಮೇಲೆ, ಅವನು ಕೊಡುತ್ತಿದ್ದ ಲಾಡಿಹುಳುವಿನ ಔಷಧವನ್ನು ಆಕೆಯೇ ಮುಂದುವರಿಸಿದಳು. ಬೇರೆ ವೈದ್ಯರ ಕೈಯಲ್ಲಿ ಗುಣ ಕಾಣದವರೂ ಆಕೆಯ ಮನೆಗೆ ಹೋಗಿ ವಾಸಿಯಾಗಿ ಬರುತ್ತಿದ್ದರು. ಸುದ್ದಿ ಪ್ಯಾರಿಸ್ ತಲುಪಿತು. ದೊರೆಯ ವೈದ್ಯರು ರೋಗಿಗಳ ಮೇಲೆ ಚಿಕಿತ್ಸೆಯನ್ನು ಪರೀಕ್ಷಿಸಿ, ಕೆಲಸ ಮಾಡುತ್ತದೆ ಎಂದು ವರದಿ ಕೊಟ್ಟರು. ಹಣ ಸಂದಾಯವಾಯಿತು. ಚಿಕಿತ್ಸೆಯ ವಿವರವನ್ನು ಸಾರ್ವಜನಿಕರಿಗಾಗಿ ಅಚ್ಚು ಹಾಕಿಸಲಾಯಿತು.

ಗುಟ್ಟು ಬಯಲಾದಾಗ ಪಂಡಿತರಿಗೆ ಅಚ್ಚರಿಯಾಗಿರಬೇಕು. ಅದರಲ್ಲಿದ್ದ ಮುಖ್ಯ ವಸ್ತು ಯುರೋಪಿನ ಕಾಡಂಚಿನಲ್ಲಿ, ಬೇಲಿಯ ನೆರಳಿನಲ್ಲಿ ತಾನಾಗಿ ಬೆಳೆಯುವ ಒಂದು ಜರಿಗಿಡದ ಬೇರು. ಅಷ್ಟೇ ಅಲ್ಲ, ಆ ಬೇರು ಹುಳುವಿಗೆ ಮದ್ದು ಎಂಬುದು ಗ್ರೀಕ್ ಗ್ರಂಥಗಳಲ್ಲಿ ಸಾವಿರದ ಏಳುನೂರು ವರ್ಷಗಳ ಹಿಂದೆಯೇ ದಾಖಲಾಗಿತ್ತು. ಹಾಗಾದರೆ ಗೊತ್ತಿದ್ದ ಗಿಡಕ್ಕೇ ದೊರೆ ಅಷ್ಟು ಹಣ ಸುರಿದನೇ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ, ಇಂದು ನಮ್ಮ ಮೊಬೈಲಿಗೆ ದಿನಕ್ಕೊಂದರಂತೆ ಬಂದು ಬೀಳುವ ‘ಮನೆಮದ್ದು’ ಸಂದೇಶಗಳವರೆಗೂ ದಾರಿ ಇದೆ.

ಹೆಸರಿಗೆ ಮಾತ್ರ ಗಂಡು

ಈ ಗಿಡದ ವೈಜ್ಞಾನಿಕ ಹೆಸರು ಡ್ರಯಾಪ್ಟೆರಿಸ್ ಫಿಲಿಕ್ಸ್-ಮಾಸ್. ಇಂಗ್ಲಿಷಿನಲ್ಲಿ ಮೇಲ್ ಫರ್ನ್, ಅಂದರೆ ‘ಗಂಡು ಜರಿ’. ಇದರಲ್ಲಿ ಗಂಡು-ಹೆಣ್ಣು ಎಂಬ ಭೇದವೇನೂ ಇಲ್ಲ. ಗಟ್ಟಿಮುಟ್ಟಾಗಿ ನೆಟ್ಟಗೆ ನಿಲ್ಲುವುದರಿಂದ ಇದು ಗಂಡು; ಬಳುಕುವ ಎಲೆಗಳ ಇನ್ನೊಂದು ಜಾತಿ ‘ಹೆಣ್ಣು ಜರಿ’. ಹೆಸರಿಟ್ಟ ಕಾಲದ ಕಣ್ಣೋಟ ಅದು. ನಮ್ಮ ಮಲೆನಾಡಿನ ಧರೆಗಳಲ್ಲಿ, ಬಾವಿಯ ಕಲ್ಲುಸಂದಿಯಲ್ಲಿ ಕಾಣುವ ಜರಿಗಿಡಗಳಾಗಲೀ, ಕೊಡಗಿನವರು ಮಳೆಗಾಲದಲ್ಲಿ ಪಲ್ಯ ಮಾಡುವ ತೆರ್ಮೆ ಸೊಪ್ಪಾಗಲೀ ಇದಲ್ಲ. ಅವೆಲ್ಲ ಇದರ ದೂರದ ನೆಂಟರು.

ಜರಿಗಿಡ ಹೂ ಬಿಡುವುದಿಲ್ಲ, ಬೀಜ ಕಟ್ಟುವುದಿಲ್ಲ. ಎಲೆಯ ಅಡಿಯಲ್ಲಿ ಕಂದು ಚುಕ್ಕೆಗಳಂತೆ ಕಾಣುವ ಗೂಡುಗಳಿಂದ ಉದುರುವ ಬೀಜಕಗಳ ಮೂಲಕ ಸಂತಾನ ಬೆಳೆಸುತ್ತದೆ. ಈ ಬದುಕಿನ ಚಕ್ರವನ್ನು ಜರ್ಮನಿಯ ವಿಲ್ಹೆಲ್ಮ್ ಹಾಫ್‌ಮೈಸ್ಟರ್ ಸ್ಪಷ್ಟವಾಗಿ ಬಿಡಿಸಿಟ್ಟದ್ದು 1851ರಲ್ಲಿ. ಅಲ್ಲಿಯವರೆಗೆ ಜನ ಕತೆ ಕಟ್ಟಿಕೊಂಡಿದ್ದರು. ಬೀಜವಿಲ್ಲದೆ ಗಿಡ ಹುಟ್ಟುವುದು ಹೇಗೆ? ಬೀಜ ಇದೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ಹಾಗಿದ್ದರೆ ಅದನ್ನು ಜೇಬಿನಲ್ಲಿಟ್ಟುಕೊಂಡವನೂ ಯಾರ ಕಣ್ಣಿಗೂ ಕಾಣನು! ಇಂಗ್ಲೆಂಡಿನಲ್ಲಿ ಈ ನಂಬಿಕೆ ಎಷ್ಟು ಹರಡಿತ್ತೆಂದರೆ ಶೇಕ್ಸ್‌ಪಿಯರನ ನಾಲ್ಕನೇ ಹೆನ್ರಿ ನಾಟಕದಲ್ಲಿ ಕಳ್ಳರು ಅದರ ಮಾತಾಡುತ್ತಾರೆ. ರಷ್ಯಾ, ಪೋಲೆಂಡ್ ಕಡೆಯ ಜನಪದದಲ್ಲಿ ಬೇಸಿಗೆಯ ನಡುವಿನ ಒಂದೇ ಒಂದು ರಾತ್ರಿ ಜರಿಗಿಡ ಹೂ ಬಿಡುತ್ತದೆ. ಅದನ್ನು ಕಂಡವನಿಗೆ ನಿಧಿ ಸಿಗುತ್ತದೆ. ಗಂಡು ಜರಿಯ ಬೇರನ್ನು ಐದು ಬೆರಳಿನ ಕೈಯಂತೆ ಕತ್ತರಿಸಿ, ಹೊಗೆಯಲ್ಲಿ ಒಣಗಿಸಿ, ಮಾಟಮಂತ್ರ ತಾಗದಿರಲೆಂದು ಮನೆಯಲ್ಲಿ ಇಟ್ಟುಕೊಳ್ಳುವ ಪದ್ಧತಿಯೂ ಇತ್ತು.

ಇಷ್ಟೆಲ್ಲ ಕತೆಗಳ ನಡುವೆ ಒಂದು ನಂಬಿಕೆ ಮಾತ್ರ ನಿಜವಾಗಿತ್ತು: ಈ ಬೇರು ಹೊಟ್ಟೆಯ ಹುಳುವನ್ನು ಹೊರಹಾಕುತ್ತದೆ.

ಹತ್ತು ಮೀಟರ್ ಶತ್ರು

ಲಾಡಿಹುಳು ಸರಿಯಾಗಿ ಬೇಯದ ದನದ ಅಥವಾ ಹಂದಿಯ ಮಾಂಸದ ಮೂಲಕ ಹೊಟ್ಟೆ ಸೇರುತ್ತದೆ. ದನದ ಮಾಂಸದಿಂದ ಬರುವ ಜಾತಿ ಕರುಳಿನಲ್ಲಿ ನಾಲ್ಕರಿಂದ ಹತ್ತು ಮೀಟರ್ ಉದ್ದ ಬೆಳೆಯಬಲ್ಲದು. ತಲೆ ಮಾತ್ರ ಗುಂಡುಸೂಜಿಯ ತಲೆಯಷ್ಟು, ಒಂದೆರಡು ಮಿಲಿಮೀಟರ್. ಆ ತಲೆಯ ಹೀರುಬಟ್ಟಲುಗಳಿಂದ ಕರುಳಿನ ಗೋಡೆಯನ್ನು ಕಚ್ಚಿ ಹಿಡಿದಿರುತ್ತದೆ. ದೇಹ ಎಷ್ಟೇ ಉದ್ದ ತುಂಡಾಗಿ ಹೊರಬಿದ್ದರೂ ತಲೆ ಉಳಿದುಕೊಂಡರೆ ಎರಡು-ಮೂರು ತಿಂಗಳಲ್ಲಿ ಹುಳು ಮತ್ತೆ ಬೆಳೆದು ನಿಲ್ಲುತ್ತದೆ. ಹೀಗಾಗಿ ಹಳೆಯ ವೈದ್ಯರು ತಲೆ ಹೊರಬಂದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಚಿಕಿತ್ಸೆ ಮುಗಿಯಿತು ಎನ್ನುತ್ತಿದ್ದರು.

ಕ್ರಿಸ್ತಪೂರ್ವ ಕಾಲದ ಗ್ರೀಕ್ ಸಸ್ಯತಜ್ಞ ಥಿಯೊಫ್ರಾಸ್ಟಸ್ ಜರಿಯ ಬೇರನ್ನು ಹುಳುವಿನ ಮದ್ದು ಎಂದು ಹೆಸರಿಸಿದ್ದ. ಕ್ರಿಸ್ತಶಕ ಒಂದನೇ ಶತಮಾನದ ವೈದ್ಯ ಡಯಾಸ್ಕೊರಿಡಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಎಷ್ಟು ತೂಕದ ಬೇರು, ಯಾವುದರ ಜೊತೆ, ಮೊದಲು ಏನು ತಿನ್ನಬೇಕು ಎಲ್ಲವನ್ನೂ ಬರೆದ. ನಾಲ್ಕು ಡ್ರಾಕ್ಮಾ ಬೇರನ್ನು ಜೇನುನೀರಿನಲ್ಲಿ ಕೊಡಬೇಕು. ಅದಕ್ಕೆ ಮೊದಲು ಬೆಳ್ಳುಳ್ಳಿ ತಿಂದಿರಬೇಕು. ಜೊತೆಗೆ ಭೇದಿಯ ಮದ್ದು ಸೇರಿಸಿದರೆ ಇನ್ನೂ ಒಳ್ಳೆಯದು. ಅದೇ ಶತಮಾನದ ರೋಮನ್ ಲೇಖಕ ಪ್ಲಿನಿ ಇದನ್ನು ಹೆಂಗಸರಿಗೆ ಕೊಡಬಾರದು, ಗರ್ಭಪಾತವಾಗುತ್ತದೆ ಎಂದು ಎಚ್ಚರಿಸಿದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಜರಿಯ ಬೇರು ಹುಳುವಿಗೆ ಮದ್ದು’ ಎನ್ನುವುದು ಒಂದು ಸಾಲಿನ ಮಾಹಿತಿ. ತೂಕ, ಅನುಪಾನ, ಪಥ್ಯ, ಯಾರಿಗೆ ಬೇಡ ಎಂಬುದು ಅದರ ಹಿಂದಿನ ಜ್ಞಾನ. ಕಾಲ ಕಳೆದಂತೆ ಮೊದಲನೆಯದು ಉಳಿದು ಎರಡನೆಯದು ಮಸುಕಾಯಿತು. ಬೇರು ಗೊತ್ತಿತ್ತು, ಬಳಸುವ ಬಗೆ ಕೈತಪ್ಪಿತ್ತು.

ನೂಫರ್ ದಂಪತಿಯ ಹತ್ತಿರ ಇದ್ದದ್ದು ಈ ಬಗೆ. ಹಿಂದಿನ ಸಂಜೆ ರೋಗಿಗೆ ಬ್ರೆಡ್ಡು, ಬೆಣ್ಣೆ ಹಾಕಿ ಕುದಿಸಿದ ಗಂಜಿ ಮಾತ್ರ. ಬೆಳಗ್ಗೆ ಖಾಲಿ ಹೊಟ್ಟೆಗೆ ಅಳೆದ ಪ್ರಮಾಣದ ಬೇರಿನ ಪುಡಿ. ಸುಮಾರು ಎರಡು ಗಂಟೆ ಬಿಟ್ಟು ಬಲವಾದ ಭೇದಿ ಮದ್ದು. ಈ ಎರಡು ಗಂಟೆಯ ಅಂತರದಲ್ಲೇ ಎಲ್ಲ ಇದೆ. ಜರಿಯ ಸಾರ ಹುಳುವಿನ ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸುತ್ತದೆ, ಹಿಡಿತ ಸಡಿಲವಾಗುತ್ತದೆ. ಸಡಿಲವಾದ ಹೊತ್ತಿನಲ್ಲೇ ಅದನ್ನು ಹೊರದಬ್ಬಬೇಕು. ಬೇಗ ದಬ್ಬಿದರೆ ಹಿಡಿತ ಬಿಟ್ಟಿರುವುದಿಲ್ಲ. ತಡವಾದರೆ ಹುಳು ಚೇತರಿಸಿಕೊಂಡು ಮತ್ತೆ ಕಚ್ಚಿಕೊಳ್ಳುತ್ತದೆ. ಹದಿನಾರನೇ ಲೂಯಿ 18,000 ಲಿವ್ರ್ ಕೊಟ್ಟದ್ದು ಈ ಸಮಯಸೂಚಿಗೆ. ಗಿಡ ಬೇಲಿಯಲ್ಲಿ ಪುಕ್ಕಟೆ ಸಿಗುತ್ತಿತ್ತು.

ಸುರಂಗದೊಳಗಿನ ರಕ್ತಹೀನತೆ

ಗುಟ್ಟು ಬಯಲಾದ ಮೇಲೆ ರಸಾಯನ ತಜ್ಞರ ಸರದಿ. 1825ರ ಸುಮಾರಿಗೆ ಜಿನೀವಾದ ಔಷಧ ತಯಾರಕ ಪೆಶಿಯೆ ಈಥರ್ ಬಳಸಿ ಬೇರಿನ ಎಣ್ಣೆಯಂಥ ಸಾರವನ್ನು ತೆಗೆದ. ಪುಡಿಗಿಂತ ಇದು ಪ್ರಬಲ. ಬ್ರಿಟನ್, ಅಮೆರಿಕದ ಅಧಿಕೃತ ಔಷಧಕೋಶಗಳಲ್ಲೂ ಜರಿಗೆ ಜಾಗ ಸಿಕ್ಕಿತು.

ಈ ಸಾರಕ್ಕೆ ದೊಡ್ಡ ಪರೀಕ್ಷೆ ಎದುರಾದದ್ದು ಒಂದು ಎಂಜಿನಿಯರಿಂಗ್ ಯೋಜನೆಯಲ್ಲಿ. ಆಲ್ಪ್ಸ್ ಪರ್ವತದ ಕೆಳಗೆ 15 ಕಿಲೋಮೀಟರ್ ಉದ್ದದ ಗೊಟಾರ್ಡ್ ರೈಲು ಸುರಂಗವನ್ನು 1872ರಿಂದ ತೋಡಲಾಗುತ್ತಿತ್ತು. ಡೈನಮೈಟಿನ ಹೊಗೆ, ಉಸಿರುಗಟ್ಟುವ ಸೆಕೆ, ಕಾಲಡಿ ಸದಾ ಕೆಸರು. ಶೌಚದ ವ್ಯವಸ್ಥೆ ಇಲ್ಲವೆಂದೇ ಹೇಳಬೇಕು. ಬಹುಪಾಲು ಇಟಲಿಯಿಂದ ಬಂದಿದ್ದ ಕಾರ್ಮಿಕರು ಒಬ್ಬೊಬ್ಬರಾಗಿ ಬಿಳಿಚಿಕೊಂಡು ಸೊರಗತೊಡಗಿದರು. ಗಾಳಿ ಕೆಟ್ಟಿದ್ದೇ ಕಾರಣ ಎಂದು ಹಲವರು ತಿಳಿದಿದ್ದರು. 1880ರಲ್ಲಿ ಟ್ಯೂರಿನ್‌ನ ಎಡೊಆರ್ಡೊ ಪೆರೊಂಚಿಟೊ ನಿಜವಾದ ಕಾರಣ ಕೊಕ್ಕೆಹುಳು ಎಂದು ತೋರಿಸಿದ. ಸುರಂಗದ ಬೆಚ್ಚನೆಯ ಒದ್ದೆ ನೆಲ ಹುಳುವಿನ ಮೊಟ್ಟೆಗಳಿಗೆ ಹೇಳಿ ಮಾಡಿಸಿದ ಜಾಗವಾಗಿತ್ತು. ಅವನು ಬಳಸಿದ ಔಷಧಗಳಲ್ಲಿ ಗಂಡು ಜರಿಯ ಸಾರವೂ ಒಂದು.

ಬಂಡೆಯ ಗಡಸುತನ, ಸ್ಫೋಟಕದ ಲೆಕ್ಕ, ಎರಡು ಕಡೆಯಿಂದ ತೋಡಿದ ಸುರಂಗ ನಡುವೆ ಕೂಡುವ ನಿಖರತೆ ಇವೆಲ್ಲವನ್ನೂ ಗೆದ್ದವರಿಗೆ ಕಾರ್ಮಿಕರ ಶೌಚಾಲಯ ಹೊಳೆದಿರಲಿಲ್ಲ. ಸಿವಿಲ್ ಓದುವ ಗೆಳೆಯರು ಈ ಸುರಂಗದ ಕತೆಯನ್ನು ಇಷ್ಟರಮಟ್ಟಿಗೆ ನೆನಪಿಟ್ಟುಕೊಂಡರೂ ಸಾಕು.

ಮುಂದೆ ಇದೇ ಕೊಕ್ಕೆಹುಳು ಯುರೋಪಿನ ಕಲ್ಲಿದ್ದಲ ಗಣಿಗಳಿಗೂ ಹಬ್ಬಿತು. ಅಲ್ಲಿ ಬಹಳಷ್ಟು ಗಣಿಗಾರರಿಗೆ ಜರಿಯ ಸಾರ ಕೊಡಲಾಯಿತು. ಆಗ ಅದರ ಇನ್ನೊಂದು ಮುಖ ಕಾಣಿಸಿತು. ಕೆಲವರ ಕಣ್ಣು ಮಂಜಾಯಿತು. ಕೆಲವರು ಶಾಶ್ವತವಾಗಿ ದೃಷ್ಟಿ ಕಳೆದುಕೊಂಡರು. ಪ್ರಮಾಣ ಮೀರಿದರೆ ವಾಂತಿ, ಸೆಳೆತ, ಕೊನೆಗೆ ಸಾವು. ಹುಳುವಿನ ಸ್ನಾಯುವನ್ನು ಹಿಡಿದು ನಿಲ್ಲಿಸುವ ವಸ್ತು ಕರುಳಿನಿಂದ ರಕ್ತಕ್ಕೆ ದಾಟಿದರೆ ಮನುಷ್ಯನ ನರವನ್ನೂ ಬಿಡುವುದಿಲ್ಲ.

ದಾಟಿಸುವುದು ಯಾವುದು ಗೊತ್ತೇ? ಎಣ್ಣೆ. ಜರಿಯ ಸಾರ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಹೊಟ್ಟೆ ತೊಳೆಯಲು ಎಲ್ಲರ ಮನೆಯಲ್ಲೂ ಇರುವ ಹರಳೆಣ್ಣೆಯನ್ನು ಇದರ ಜೊತೆ ಕೊಟ್ಟರೆ ವಿಷ ರಕ್ತಕ್ಕೆ ಏರುವುದು ಹೆಚ್ಚುತ್ತದೆ. ಆದ್ದರಿಂದ ಉಪ್ಪಿನ ಜಾತಿಯ ಭೇದಿ ಮದ್ದನ್ನೇ ಕೊಡಬೇಕು, ಹರಳೆಣ್ಣೆ ಕೂಡದು, ಹಿಂದಿನ ದಿನ ಜಿಡ್ಡಿನ ಊಟವೂ ಬೇಡ ಎಂದು ವೈದ್ಯಪುಸ್ತಕಗಳು ಬರೆದವು. ನೂಫರಳ ಗಂಜಿಯಲ್ಲಿದ್ದ ಬೆಣ್ಣೆ ಕೂಡ ಹೊಸ ತಿಳಿವಳಿಕೆಯ ಮುಂದೆ ನಿಲ್ಲಲಿಲ್ಲ. ದೊರೆ ದುಡ್ಡು ಕೊಟ್ಟು ಕೊಂಡ ಜ್ಞಾನವೂ ತಿದ್ದುಪಡಿಗೆ ಹೊರತಲ್ಲ ಎಂದಾಯಿತು.

ಎಂಜಿನಿಯರಿಂಗ್ ಓದುವವರಿಗೆ ‘ಫ್ಯಾಕ್ಟರ್ ಆಫ್ ಸೇಫ್ಟಿ’ ಗೊತ್ತು. ಲಿಫ್ಟಿನ ಉಕ್ಕಿನ ಹಗ್ಗ ಹೊರಬೇಕಾದ ಭಾರದ ಸುಮಾರು ಹತ್ತು ಪಟ್ಟು ತಡೆಯುವಂತೆ ಇರುತ್ತದೆ. ಔಷಧಕ್ಕೂ ಹೀಗೆಯೇ ಒಂದು ಲೆಕ್ಕವಿದೆ: ಗುಣ ಕೊಡುವ ಪ್ರಮಾಣಕ್ಕೂ ಕೇಡು ಮಾಡುವ ಪ್ರಮಾಣಕ್ಕೂ ನಡುವಿನ ಅಂತರ. ಗಂಡು ಜರಿಯಲ್ಲಿ ಈ ಅಂತರ ತೀರ ಕಿರಿದು. ಸಾಲದ್ದಕ್ಕೆ, ಬೇರು ಹಳೆಯದಾದಂತೆ ಸತ್ವ ಕಳೆದುಕೊಳ್ಳುತ್ತದೆ. ಮುರಿದಾಗ ಒಳಗೆ ಹಸಿರು ಕಾಣುವ ಬೇರನ್ನು ಮಾತ್ರ ಬಳಸಬೇಕು, ಕಂದಾದದ್ದನ್ನು ಎಸೆಯಬೇಕು ಎಂಬ ನಿಯಮವೇ ಇತ್ತು. ಹಳೆಯ ಬೇರಿಗೆ ಒಗ್ಗಿದವನು ಅದೇ ತೂಕದ ತಾಜಾ ಬೇರನ್ನು ಕೊಟ್ಟರೆ? ಒಂದೊಂದು ಕಂತಿಗೂ ಬಲ ಬದಲಾಗುವ ಉಕ್ಕಿನಿಂದ ಯಾರಾದರೂ ಸೇತುವೆ ಕಟ್ಟುತ್ತಾರೆಯೇ?

ಮೂರು ನಾಡು, ಒಂದೇ ರಸಾಯನ

ಹತ್ತೊಂಬತ್ತನೇ ಶತಮಾನದ ಕೊನೆಗೆ ಜರ್ಮನಿಯ ರುಡಾಲ್ಫ್ ಬೋಮ್ ಮೊದಲಾದವರು ಜರಿಯ ಸಾರದಲ್ಲಿರುವ ಆಮ್ಲಗಳನ್ನು ಬಿಡಿಸಿ ನೋಡಿದರು. ಅವೆಲ್ಲ ಫ್ಲೋರೊಗ್ಲುಸಿನಾಲ್ ಎಂಬ ಮೂಲವಸ್ತುವಿನ ಮಕ್ಕಳು. ಪಿಯುಸಿ ರಸಾಯನಶಾಸ್ತ್ರ ನೆನಪಿರುವವರು ಬೆಂಜೀನ್ ಉಂಗುರ ಬರೆದು, ಒಂದು ಬಿಟ್ಟು ಒಂದು ಮೂಲೆಗೆ ಹೈಡ್ರಾಕ್ಸಿಲ್ ಗುಂಪು ಹಚ್ಚಿದರೆ ಅದೇ ಫ್ಲೋರೊಗ್ಲುಸಿನಾಲ್.

ಈಗ ಇಥಿಯೋಪಿಯಾಕ್ಕೆ ಹೋಗೋಣ. ಹಸಿ ಮಾಂಸ ತಿನ್ನುವ ಪದ್ಧತಿ ಇರುವ ಆ ನಾಡಿನಲ್ಲಿ ಲಾಡಿಹುಳು ಹಳೆಯ ಸಮಸ್ಯೆ. ಅಲ್ಲಿಯವರು ಕೊಸ್ಸೊ ಎಂಬ ಮರದ ಹೆಣ್ಣು ಹೂಗಳನ್ನು ಒಣಗಿಸಿ, ನೀರಿನಲ್ಲಿ ಕದಡಿ, ಕೆಲವು ತಿಂಗಳಿಗೊಮ್ಮೆ ಕುಡಿಯುತ್ತಿದ್ದರು. ಹದಿನೆಂಟನೇ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಸ್ಕಾಟ್‌ಲೆಂಡಿನ ಪ್ರವಾಸಿ ಜೇಮ್ಸ್ ಬ್ರೂಸ್ ಇದನ್ನು ಕಂಡು ಬರೆದ. ಕೊಸ್ಸೊ ಗುಲಾಬಿಯ ಕುಟುಂಬಕ್ಕೆ ಸೇರಿದ ಮರ. ಜರಿಗೂ ಅದಕ್ಕೂ ಸಂಬಂಧವೇ ಇಲ್ಲ.

ಇನ್ನು ನಮ್ಮ ನಾಡು. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಕುಂಕುಮದ ಮರ ನಿಮಗೆ ಗೊತ್ತಿರಬಹುದು. ಅದರ ಕಾಯಿಯ ಮೇಲಿನ ಕೆಂಪು ಧೂಳನ್ನು ಉದುರಿಸಿ ರೇಷ್ಮೆಗೆ ಬಣ್ಣ ಕಟ್ಟುತ್ತಿದ್ದರು. ಚರಕ, ಸುಶ್ರುತ ಸಂಹಿತೆಗಳಲ್ಲಿ ಇದೇ ‘ಕಂಪಿಲ್ಲಕ’, ಕ್ರಿಮಿಗೆ ಮದ್ದು. ಇದು ಹರಳುಗಿಡದ ಕುಟುಂಬದ ಮರ.

ಜರಿ, ಕೊಸ್ಸೊ, ಕುಂಕುಮದ ಮರ. ಮೂರು ಖಂಡಗಳ ಮೂರು ಸಸ್ಯಗಳು, ಮೂರು ಬೇರೆ ಬೇರೆ ಕುಟುಂಬಗಳು. ಪ್ರಯೋಗಾಲಯದಲ್ಲಿ ಬಿಡಿಸಿದಾಗ ಮೂರರ ಮುಖ್ಯ ವಸ್ತುವೂ ಫ್ಲೋರೊಗ್ಲುಸಿನಾಲ್ ಮನೆತನದ್ದೇ! ಪರಸ್ಪರ ಮುಖ ನೋಡದ ಜನ ತಮ್ಮ ತಮ್ಮ ಕಾಡಿನಲ್ಲಿ ಹುಡುಕಿ ಒಂದೇ ಬಗೆಯ ರಸಾಯನವನ್ನು ತಲುಪಿದ್ದರು. ಬೆಂಜೀನ್ ಉಂಗುರದ ಕಲ್ಪನೆ ಹುಟ್ಟುವುದಕ್ಕೆ ಎಷ್ಟೋ ಮೊದಲು. ‘ಹಳಬರದ್ದೆಲ್ಲ ಮೂಢನಂಬಿಕೆ’ ಎನ್ನುವವರಿಗೆ ಇಷ್ಟು ಉತ್ತರ ಸಾಕು.

ಚೀನಾದಲ್ಲಿ ಗಂಡು ಜರಿಯ ಖಾಸಾ ನೆಂಟನಾದ ಇನ್ನೊಂದು ಜರಿ ಇದೆ. ಅದರ ಬೇರಿಗೆ ‘ಗ್ವಾನ್‌ಝೋಂಗ್’ ಎನ್ನುತ್ತಾರೆ. ಅವರ ಅತ್ಯಂತ ಹಳೆಯ ಮೂಲಿಕಾ ಗ್ರಂಥವಾದ ಶೆನ್‌ನೊಂಗ್ ಬೆನ್‌ಸಾವೊ ಜಿಂಗ್‌ನಲ್ಲೇ ಈ ಹೆಸರಿದೆ. ಹುಳುವಿಗೂ ಜ್ವರಕ್ಕೂ ಅದನ್ನು ಕೊಡುತ್ತ ಬಂದಿದ್ದಾರೆ. ಇಂದಿಗೂ ಚೀನಾದ ಅಧಿಕೃತ ಔಷಧಕೋಶದಲ್ಲಿ ಅದು ಇದೆ, ಪಕ್ಕದಲ್ಲಿ ‘ಅಲ್ಪ ವಿಷ’ ಎಂಬ ಸೂಚನೆಯೊಂದಿಗೆ. ಮದ್ದು ಎಂದು ಬರೆದ ಕೈಯೇ ವಿಷ ಎಂದೂ ಬರೆದಿದೆ. ‘ನೈಸರ್ಗಿಕ, ಅಡ್ಡಪರಿಣಾಮ ಇಲ್ಲ’ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿಸುವವರು ಈ ಹಳಬರಿಂದ ಕಲಿಯುವುದಿದೆ.

ಗಾದೆಯ ಉಳಿದರ್ಧ

ಇಪ್ಪತ್ತನೇ ಶತಮಾನದ ನಡುವಿನವರೆಗೂ ಜರಿಯ ಸಾರ ಔಷಧಿ ಅಂಗಡಿಗಳಲ್ಲಿತ್ತು. 1960ರ ದಶಕದಲ್ಲಿ ನಿಕ್ಲೊಸಮೈಡ್, ಆಮೇಲೆ ಪ್ರಾಜಿಕ್ವಾಂಟೆಲ್ ಬಂದವು. ಇವು ಹುಳುವಿಗೆ ಗುರಿಯಿಟ್ಟ ಔಷಧಗಳು. ರೋಗಿಯ ಕಣ್ಣಿಗೆ ಜರಿಯಂಥ ಅಪಾಯ ತರುವುದಿಲ್ಲ. ಜರಿ ಸದ್ದಿಲ್ಲದೆ ಕಪಾಟಿನಿಂದ ಇಳಿಯಿತು. ನಮ್ಮ ದೇಶದಲ್ಲಿ 2015ರಿಂದ ಫೆಬ್ರುವರಿ 10ರಂದು ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಒಂದರಿಂದ ಹತ್ತೊಂಬತ್ತು ವರ್ಷದವರಿಗೆ ಆಲ್ಬೆಂಡಜೋಲ್ ಮಾತ್ರೆ. ಶಾಲೆಯಲ್ಲಿ ಮೇಷ್ಟರ ಮುಂದೆ ಅಗಿದು ನುಂಗಿದ ಆ ಮಾತ್ರೆಯನ್ನು ನಮ್ಮಲ್ಲಿ ಎಷ್ಟು ಜನ ನೆನಪಿಟ್ಟುಕೊಂಡಿದ್ದೇವೆ? ಒಂದು ಕಾಲದಲ್ಲಿ ಅಂಥದ್ದೊಂದು ಮದ್ದಿಗೆ ದೊರೆ ಬೊಕ್ಕಸ ತೆರೆದಿದ್ದ. ನಮಗೆ ಅದು ಪುಕ್ಕಟೆ ಬಂತು.

ಹಾಗಾದರೆ ಹಿತ್ತಲ ಗಿಡ ಮದ್ದೋ ಅಲ್ಲವೋ? ಗಂಡು ಜರಿಯ ಕತೆ ಹೇಳುವುದು ಇಷ್ಟು: ಮದ್ದು ಹೌದು, ಆದರೆ ಗಿಡದ ಹೆಸರಷ್ಟೇ ಮದ್ದಲ್ಲ. ಯಾವ ಭಾಗ, ಎಷ್ಟು ತಾಜಾ, ಎಷ್ಟು ತೂಕ, ಯಾವುದರ ಜೊತೆ ಕೂಡದು, ಯಾರಿಗೆ ಕೂಡದು. ಈ ಐದು ಪ್ರಶ್ನೆಗಳಿಗೆ ಉತ್ತರ ಇದ್ದರೆ ಅದು ವೈದ್ಯ. ಇಲ್ಲದಿದ್ದರೆ ಜೂಜು.

ಪರೀಕ್ಷೆ, ಇಂಟರ್‌ವ್ಯೂ ಎಂದು ಓಡಾಡುವ ನಮಗೆ ಆಸ್ಪತ್ರೆಗೆ ಹೋಗಲು ಪುರಸೊತ್ತಿಲ್ಲ, ಕೆಲವೊಮ್ಮೆ ದುಡ್ಡೂ ಇರುವುದಿಲ್ಲ. ರೂಮಿನಲ್ಲಿ ಮಲಗಿ ಫೋನ್ ತೆರೆದರೆ ‘ಈ ಎಲೆಯ ರಸ ಮೂರು ದಿನ ಕುಡಿಯಿರಿ’ ಎಂಬ ಸಂದೇಶ ಕಾದಿರುತ್ತದೆ. ಅದನ್ನು ಅಮ್ಮನಿಗೂ ಕಳಿಸುತ್ತೇವೆ. ಡಯಾಸ್ಕೊರಿಡಿಸ್ ಜರಿಯ ಬೇರಿನ ಹೆಸರಿನ ಜೊತೆಗೆ ಅದರ ತೂಕವನ್ನೂ ಬರೆದಿಟ್ಟ. ನಾವು ತೂಕ ಕೇಳದೆಯೇ ಫಾರ್ವರ್ಡ್ ಒತ್ತುತ್ತೇವೆ. ಮುಂದಿನ ಸಲ ಅಂಥ ಸಂದೇಶ ಬಂದಾಗ ಐದು ಪ್ರಶ್ನೆ ಕೇಳಿ ನೋಡಿ. ಹೆಚ್ಚಿನವು ಎರಡನೆಯದಕ್ಕೇ ಮುಗ್ಗರಿಸುತ್ತವೆ.

ಇನ್ನೊಂದು ಕೆಲಸವೂ ಇದೆ. ನಮ್ಮ ಊರುಗಳಲ್ಲಿ ನಾರುಬೇರು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಹಬ್ಬಕ್ಕೆ ಊರಿಗೆ ಹೋದಾಗ ಅವರ ಹತ್ತಿರ ಕುಳಿತು ಗಿಡದ ಹೆಸರು ಬರೆದುಕೊಂಡರೆ ಸಾಲದು. ಯಾವ ತಿಂಗಳಲ್ಲಿ ಕೀಳುತ್ತಾರೆ, ಎಷ್ಟು ಹಾಕುತ್ತಾರೆ, ಬಸುರಿಗೆ ಕೊಡುತ್ತಾರೋ ಇಲ್ಲವೋ, ಕೆಟ್ಟರೆ ಏನು ಮಾಡುತ್ತಾರೆ ಎಂಬುದನ್ನೂ ಕೇಳಿ ಬರೆದಿಡೋಣ. ಗಿಡಗಳು ಹೇಗೂ ಬೇಲಿಯಲ್ಲಿ ಬೆಳೆದುಕೊಳ್ಳುತ್ತವೆ. ಅಜ್ಜಿ ಬೆರಳ ಸಂದಿಯಲ್ಲಿ ಅಳೆಯುವ ಆ ಚಿಟಿಕೆಯ ಲೆಕ್ಕ ಮಾತ್ರ ಯಾರಾದರೂ ಬರೆದಿಟ್ಟರೆ ಉಳಿಯುತ್ತದೆ.